40 ಚಾನೆಲ್, ನಿಲ್ಲೋಕೆ ಜಾಗ ಇಲ್ಲ

ದೇವರಾಜ ಮಾರ್ಕೆಟ್ ಹತ್ತಿರ ಹಳೇ ಪುಸ್ತಕ ಮಾರುವವರ ಬಳಿ 70ರ ದಶಕದ ಒಂದು ಅಮೆರಿಕನ್ ಎಲೆಕ್ಟ್ರಾನಿಕ್ಸ್ ಪತ್ರಿಕೆ ಸಿಕ್ಕಿತು. ಲೇಖನಗಳಿಗಿಂತ ಜಾಹೀರಾತುಗಳೇ ಮಜವಾಗಿದ್ದವು. ಅದರಲ್ಲೊಂದು ಸಿಬಿ (ಸಿಟಿಜನ್ಸ್ ಬ್ಯಾಂಡ್) ರೇಡಿಯೋದ್ದು, ಅಂದರೆ ಜನಸಾಮಾನ್ಯರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳೋಕೆ 27 ಮೆಗಾಹರ್ಟ್ಸ್ ಹತ್ತಿರ ಬಿಟ್ಟಿದ್ದ ರೇಡಿಯೋ. ಸೈಡ್‌ಬ್ಯಾಂಡ್ ಇರುವ ಸೆಟ್, "69 ಚಾನೆಲ್" ಅಂತ ದಪ್ಪಕ್ಷರದಲ್ಲಿ ಹಾಕಿದ್ದರು. ಆಗ ಅಲ್ಲಿ ಸಿಬಿಗೆ ಇದ್ದದ್ದೇ 23 ಚಾನೆಲ್. ಮಿಕ್ಕಿದ್ದು ಎಲ್ಲಿಂದ ಬಂತು ಅಂತ ನೋಡಿದರೆ ಲೆಕ್ಕ ಸರಳ. ಮಾತು ಕಳಿಸುವ ಬಗೆ ಮೂರು, ಒಂದೊಂದು ಚಾನೆಲ್ಲಿನಲ್ಲೂ ಎಎಂ ಒಂದು, ಮೇಲಿನ ಸೈಡ್‌ಬ್ಯಾಂಡ್ ಒಂದು, ಕೆಳಗಿನದು ಒಂದು. 23 ಮೂರಲೆ 69. 1977ರ ಜನವರಿಯಲ್ಲಿ ಚಾನೆಲ್ಲು 40ಕ್ಕೆ ಏರಿದ ಮೇಲೆ ಇಂಥ ಸೆಟ್ಟುಗಳನ್ನು "120 ಚಾನೆಲ್" ಅಂತ ಮಾರತೊಡಗಿದರು.

ಲೆಕ್ಕದಲ್ಲಿ ಮೋಸ ಇಲ್ಲ. ಆದರೆ ಆ ಕಾಲದ ಸಿಬಿ ಬಗ್ಗೆ ಏನನ್ನೇ ಓದಿ, ದೂರು ಒಂದೇ. ಜಾಗ ಇಲ್ಲ, ಗಲಾಟೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲ್ಲ. 120 ಇಟ್ಟುಕೊಂಡೂ ಜಾಗ ಇಲ್ಲ ಅಂದರೆ ಏನು ಕಥೆ? ನಾನು ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವನು. ಸಿಬಿಯಲ್ಲಿ ಒಂದು ಮಾತೂ ಆಡಿದವನಲ್ಲ, ನಮ್ಮಲ್ಲಿ ಅದಕ್ಕೆ ಅವಕಾಶವೂ ಅಷ್ಟಕ್ಕಷ್ಟೇ, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಸೈಡ್‌ಬ್ಯಾಂಡ್ ನನಗೆ ದಿನನಿತ್ಯದ ಸಂಗತಿ, ಹ್ಯಾಮ್‌ಗಳ ನಲವತ್ತು ಮೀಟರ್ ಬ್ಯಾಂಡಿನ ಬೆಳಗಿನ ಗದ್ದಲವೂ ಗೊತ್ತು. ಹಾಗಾಗಿ ಆ ಜಾಹೀರಾತಿನ ಗುಣಾಕಾರ ತಲೆಯೊಳಗೆ ಸುಮ್ನೆ ಕೂತುಬಿಟ್ಟಿತು.

ಕಾಗದದ ಲೆಕ್ಕ

ಎಎಂ ಅಂದರೆ ನಡುವೆ ಒಂದು ಕ್ಯಾರಿಯರ್ (ಮಾತನ್ನು ಹೊರುವ ಅಲೆ), ಅದರ ಎರಡೂ ಪಕ್ಕ ಒಂದೇ ಮಾತಿನ ಎರಡು ಪ್ರತಿ, ಅವೇ ಸೈಡ್‌ಬ್ಯಾಂಡ್. ಪೂರ್ತಿ ಮಾಡ್ಯುಲೇಶನ್ ಇದ್ದಾಗಲೂ ಪವರ್‌ನ ಮೂರನೇ ಎರಡು ಭಾಗ ಕ್ಯಾರಿಯರ್ ನುಂಗುತ್ತದೆ, ಅದರಲ್ಲಿ ಮಾತೇ ಇರಲ್ಲ. ಕ್ಯಾರಿಯರ್ ತೆಗೆದು, ಒಂದು ಪ್ರತಿಯನ್ನೂ ಕತ್ತರಿಸಿ, ಉಳಿದ ಒಂದನ್ನು ಮಾತ್ರ ಕಳಿಸಿದರೆ ಸಾಕು ಅಂತ ಜಾನ್ ಕಾರ್ಸನ್ ಅನ್ನುವ ಅಮೆರಿಕದ ಎಂಜಿನಿಯರ್ 1915ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. 1927ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ರೇಡಿಯೋ ಫೋನ್ ಶುರುವಾದಾಗ ಬಳಸಿದ್ದು ಇದನ್ನೇ. ಸಿಬಿಯಲ್ಲಿ ಎಎಂಗೆ 4 ವ್ಯಾಟ್, ಸೈಡ್‌ಬ್ಯಾಂಡಿಗೆ 12 ವ್ಯಾಟ್ ಪೀಕ್ ಪವರ್ ಮಿತಿ. ಅಗಲ ಅರ್ಧ, ಸುಮಾರು 3 ಕಿಲೋಹರ್ಟ್ಸ್. ಜಾಸ್ತಿ ದೂರ, ಕಮ್ಮಿ ಜಾಗ. ಇದಕ್ಕಿಂತ ಇನ್ನೇನು ಬೇಕು ಹೇಳಿ.

ತೊಂದರೆ ಶುರುವಾಗುವುದು ಎರಡನ್ನೂ ಒಂದೇ ಚಾನೆಲ್ಲಿಗೆ ಬಿಟ್ಟಾಗ. ಸೈಡ್‌ಬ್ಯಾಂಡ್ ರಿಸೀವರಿಗೆ ಎಎಂನವನ ಕ್ಯಾರಿಯರ್ ಒಂದು ಸಿಳ್ಳೆಯಾಗಿ ಕೇಳುತ್ತದೆ. ಅವನು ಮಾತಾಡಲಿ ಬಿಡಲಿ, ಮೈಕಿನ ಬಟನ್ ಒತ್ತಿರುವಷ್ಟು ಹೊತ್ತೂ ಸಿಳ್ಳೆ. ಸಿಬಿ ಸೆಟ್ಟಿಗೆ ಫ್ರೀಕ್ವೆನ್ಸಿಯಲ್ಲಿ 0.005 ಶೇಕಡಾ ಆಚೀಚೆ ಆಗಬಹುದು ಅಂತ ಅಮೆರಿಕದ ನಿಯಮ ಬಿಟ್ಟಿತ್ತು. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ, ಅಲ್ವಾ? 27 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 1350 ಹರ್ಟ್ಸ್. ಎಎಂನಲ್ಲಿ ಅಷ್ಟು ತಪ್ಪಿದರೆ ಯಾರಿಗೂ ಗೊತ್ತೇ ಆಗಲ್ಲ. ಸೈಡ್‌ಬ್ಯಾಂಡಿನಲ್ಲಿ 100 ಹರ್ಟ್ಸ್ ತಪ್ಪಿದರೂ ದನಿ ಬದಲಾಗುತ್ತದೆ. ಅದಕ್ಕೇ ಆ ಸೆಟ್ಟುಗಳಲ್ಲಿ ಕ್ಲ್ಯಾರಿಫೈಯರ್ ಅನ್ನುವ ಸಣ್ಣ ಗುಬ್ಬಿ ಇರುತ್ತಿತ್ತು, ಎದುರಿನವನ ದನಿ ಮನುಷ್ಯರ ದನಿ ಆಗುವ ತನಕ ಅದನ್ನು ತಿರುಗಿಸಬೇಕು. ಇತ್ತ ಎಎಂನವನಿಗೆ ಸೈಡ್‌ಬ್ಯಾಂಡ್ ಮಾತು ಬರೀ ಗೊರಗೊರ. ಅದು ಮಾತು ಅಂತಲೂ ಅವನಿಗೆ ಅನ್ನಿಸಲ್ಲ. ಯಾವನೋ ಬೇಕಂತ ಸದ್ದು ಮಾಡ್ತಿದ್ದಾನೆ ಅಂದುಕೊಂಡು ಅದರ ಮೇಲೇ ಬಟನ್ ಒತ್ತುತ್ತಾನೆ.

ಅಂದರೆ ಒಂದೇ ಚಾನೆಲ್ಲಿಗೆ ಮೂರು ಜನ ಅನ್ನುವುದು ಅಂಗಡಿಯವನ ಮಾತು. ನಿಜದಲ್ಲಿ ಎಎಂನವರು ಕೂತ ಕಡೆ ಸೈಡ್‌ಬ್ಯಾಂಡಿನವರು ಕೂರೋಕೆ ಆಗಲ್ಲ. ಮೇಲಿನ ಸೈಡ್‌ಬ್ಯಾಂಡಿನವರು ಮತ್ತು ಕೆಳಗಿನವರು ಒಂದೇ ಚಾನೆಲ್ ಹಂಚಿಕೊಳ್ಳಬಹುದು, ಅದೂ ಇಬ್ಬರ ಸೆಟ್ಟೂ ನೆಟ್ಟಗಿದ್ದರೆ, ಯಾರೂ ಮೈಕ್ ಗೇನ್ ಪೂರ್ತಿ ತಿರುಗಿಸದಿದ್ದರೆ.

ಕೇಳಿಸದಿದ್ದರೆ ಖಾಲಿ ಅಂತಲ್ಲ

ಮಂಡ್ಯದ ಸುಭಾಷ್ ನಗರದಲ್ಲಿ ನಮ್ಮ ಮೇಷ್ಟ್ರೊಬ್ಬರಿದ್ದರು. ಫಿಸಿಕ್ಸ್ ಕಲಿಸಿ ರಿಟೈರ್ ಆದವರು, ಹಳೇ ಹ್ಯಾಮ್. ಲೈಸೆನ್ಸ್ ಹೊಸದಾಗಿ ಬಂದಿದ್ದ ದಿನಗಳಲ್ಲಿ ಭಾನುವಾರ ಬೆಳಗ್ಗೆ ಟ್ರೈನ್ ಹಿಡಿದು ಅವರ ಮನೆಗೆ ಹೋಗುತ್ತಿದ್ದೆ. ಅವರ ಸೆಟ್ಟು ಕೈಯಲ್ಲೇ ಕಟ್ಟಿದ್ದು. ಹೈದರಾಬಾದಿನ ಅಶರ್ ಫರ್ಹಾನ್ 2003ರಲ್ಲಿ ಬಿಟ್‌ಎಕ್ಸ್ ಅಂತ ಒಂದು ಡಿಸೈನ್ ಹೊರಗೆ ಬಿಟ್ಟರಲ್ಲ, ಅದು. ಪೇಟೆಯಲ್ಲಿ ಸಿಗುವ ಸಾಮಾನಿನಲ್ಲೇ ಸೈಡ್‌ಬ್ಯಾಂಡ್ ಸೆಟ್ ಕಟ್ಟಬಹುದು ಅಂತ ನಮ್ಮವರಿಗೆಲ್ಲ ಧೈರ್ಯ ಕೊಟ್ಟಿದ್ದೇ ಅದು. ಟ್ರಾನ್ಸಿಸ್ಟರು, ಕ್ರಿಸ್ಟಲ್ಲು ಬೆಂಗಳೂರಿನ ಎಸ್‌ಪಿ ರೋಡಿನವು, ಟ್ರಾನ್ಸ್‌ಫಾರ್ಮರಿಗೆ ಹಳೇ ಟಿವಿ ಬಾಲನ್ ಕೋರು. ಒಂದು ಕಾಯಿಲನ್ನು ನಲ್ಲಿಯ ವಾಷರಿಗೆ ಸುತ್ತಿದ್ದರು. ಫ್ರೀಕ್ವೆನ್ಸಿ ನಿಲ್ಲುವುದೇ ಆ ಕಾಯಿಲಿನ ಮೇಲೆ. ಗಾಳಿ ತಗುಲಿದರೆ ಸರಿದುಬಿಡುತ್ತದೆ. ಬೇಸಿಗೆಯಲ್ಲೂ ಆ ಕೋಣೆಯಲ್ಲಿ ಫ್ಯಾನ್ ಹಾಕುವ ಹಾಗಿರಲಿಲ್ಲ. ಕಾಯಿಲಿನ ಮೇಲೆ ಥರ್ಮಾಕೋಲ್ ಚೂರು ಮುಚ್ಚಿ, ಬನಿಯನ್ನಿನಲ್ಲಿ ಕೂತು, ಬೆವರು ಒರೆಸಿಕೊಳ್ಳುತ್ತಾ ಮಾತಾಡುತ್ತಿದ್ದರು. ಆದರೂ ಅರ್ಧ ಗಂಟೆಯಲ್ಲಿ ಯಾರಾದರೂ "ಮೇಷ್ಟ್ರೇ, ಸ್ವಲ್ಪ ಕೆಳಗೆ ಜಾರಿದ್ದೀರಿ" ಅನ್ನೋರು. ಇವರು ಗುಬ್ಬಿಯನ್ನು ಒಂದು ಕೂದಲೆಳೆ ತಿರುಗಿಸೋರು.

ಒಂದು ದಿನ ಸ್ಪೀಕರಿನಲ್ಲಿ ಬರೀ ಸುರ್‌ ಅನ್ನುವ ಸದ್ದು. ಬಹಳ ಹೊತ್ತಿನಿಂದ ಯಾರೂ ಮಾತಾಡಿರಲಿಲ್ಲ. ಮೇಷ್ಟ್ರು ಮಾತ್ರ ಸ್ಪೀಕರಿನ ಕಡೆ ತಲೆ ಬಗ್ಗಿಸಿ ಕೂತೇ ಇದ್ದರು.

"ಯಾರೂ ಇಲ್ವಲ್ಲ ಸಾರ್" ಅಂದೆ.

"ಇಲ್ದೆ ಏನು? ಅವ್ನೆ. ಬಟನ್ನು ಬುಟ್ಟು ಯೋಚ್ನೆ ಮಾಡ್ತಾವ್ನೆ. ಸುಮ್ಕಿರು."

ಕೇರಳದ ಬೆಟ್ಟದ ಕಡೆಯ ಒಬ್ಬರು, ಸಣ್ಣ ಪವರ್, ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅಷ್ಟರಲ್ಲಿ ಧಡಾರಂತ ಒಂದು ಗಟ್ಟಿ ದನಿ. ಉತ್ತರದ ಕಡೆಯ ಹೊಸ ಸ್ಟೇಷನ್. ಖಾಲಿ ಇದೆಯಾ ಅಂತ ಕೇಳಿದ, ಉತ್ತರಕ್ಕೆ ಕಾಯದೆ ಸಿಕ್ಯೂ (ಯಾರಾದರೂ ಬನ್ನಿ ಅನ್ನುವ ಕರೆ) ಶುರು ಮಾಡಿದ. ಸ್ಪೀಕರ್ ಒಡೆಯುವಷ್ಟು ಸದ್ದು. ಮೇಷ್ಟ್ರು ರೇಗುತ್ತಾರೆ ಅಂದುಕೊಂಡೆ. ಅವನ ಕರೆ ಪೂರ್ತಿ ಮುಗಿಯಲಿ ಅಂತ ಬಿಟ್ಟು, ತಮ್ಮ ಕಾಲ್‌ಸೈನ್ (ಸ್ಟೇಷನ್ನಿನ ಗುರುತು) ಹೇಳಿ, ಇಲ್ಲಿ ಮಾತು ನಡೀತಿದೆ, ದಯವಿಟ್ಟು 5 ಕಿಲೋಹರ್ಟ್ಸ್ ಮೇಲೆ ಹೋಗ್ತೀರಾ ಅಂದರು. ಅವನು ಸಾರಿ ಹೇಳಿ ಹೋದ. "ಪಾಪ, ಅವ್ನ ಕಿವೀಗೆ ಇಲ್ಲಿ ಯಾರೂ ಇಲ್ಲ ಕಣಪ್ಪ" ಅಂತ ನನಗೆ ಹೇಳಿ, ಮತ್ತೆ ಸ್ಪೀಕರಿನ ಕಡೆ ಬಗ್ಗಿದರು.

ಆ ಭಾನುವಾರದ ಮಾತು ಈಗ ಸಿಬಿ ಬಗ್ಗೆ ಯೋಚಿಸುವಾಗ ಉಪಯೋಗಕ್ಕೆ ಬರುತ್ತಿದೆ. ಎಎಂನಲ್ಲಿ ಬಟನ್ ಒತ್ತಿದವನು ಮಾತು ಮರೆತು ತಡವರಿಸಿದರೂ ಅವನ ಕ್ಯಾರಿಯರ್ ಅಲ್ಲಿ ನಿಂತಿರುತ್ತದೆ. ಜಾಗ ಹಿಡಿದಿದ್ದಾನೆ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಬಟನ್ ಬಿಟ್ಟಾಗ ಟಪ್ ಅನ್ನುವ ಸದ್ದೂ ಬರುತ್ತದೆ, ಮುಗೀತು ಅಂತ. ಸೈಡ್‌ಬ್ಯಾಂಡಿನಲ್ಲಿ ಎರಡು ಪದಗಳ ನಡುವೆ ಉಸಿರು ಎಳೆದುಕೊಂಡರೂ ಸಾಕು, ಆಂಟೆನಾದಿಂದ ಏನೂ ಹೊರಡುತ್ತಿಲ್ಲ. ಮೀಟರಿನ ಮುಳ್ಳು ಕೆಳಗೆ ಬಿದ್ದುಬಿಡುತ್ತದೆ. ಯೋಚಿಸುತ್ತಿರುವವನೂ ಎದ್ದು ಹೋದವನೂ ಕೇಳುವವನಿಗೆ ಒಂದೇ. ಅದರ ಮೇಲೆ ಸ್ಕಿಪ್ ಬೇರೆ, ಅಲೆ ಮೇಲಿನ ವಾಯುಪದರಕ್ಕೆ ಬಡಿದು ಹತ್ತಿರದ್ದು ಬಿಟ್ಟು ದೂರ ಹೋಗಿ ಬೀಳುವುದು. ಒಂದು ಮಾತುಕತೆಯಲ್ಲಿ ಇಬ್ಬರಿದ್ದರೆ ನನಗೆ ಒಬ್ಬ ಮಾತ್ರ ಕೇಳಿಸಬಹುದು, ಅವನು ಎದುರಿನವನ ಮಾತು ಕೇಳುತ್ತಾ ಸುಮ್ಮನಿರುವಷ್ಟು ಹೊತ್ತು ನನ್ನ ಪಾಲಿಗೆ ಆ ಫ್ರೀಕ್ವೆನ್ಸಿ ಖಾಲಿ.

ಇನ್ನೊಂದು ವಿಷಯ ಸ್ಕ್ವೆಲ್ಚ್. ಎಎಂ ಸಿಬಿಯವರು ಸ್ಕ್ವೆಲ್ಚ್ ಬಿಗಿ ಮಾಡಿ ಕೂರುತ್ತಾರೆ, ಗಟ್ಟಿ ದನಿ ಬಂದಾಗ ಮಾತ್ರ ಸ್ಪೀಕರ್ ತೆರೆಯುತ್ತದೆ. ಲಾರಿ ಓಡಿಸುವವರು ಇನ್ನೇನು ಮಾಡುತ್ತಾರೆ, ಇಡೀ ದಿನ ಸುರ್‌ ಅನ್ನುವುದನ್ನು ಕೇಳೋಕೆ ಆಗುತ್ತಾ? ಆದರೆ ಸ್ಕ್ವೆಲ್ಚ್ ಮುಚ್ಚಿದವನಿಗೆ ದೂರದ ದನಿಗಳೆಲ್ಲ ಇಲ್ಲವೇ ಇಲ್ಲ. ಸೈಡ್‌ಬ್ಯಾಂಡಿನವರು ಗಂಟೆಗಟ್ಟಲೆ ಆ ಸದ್ದಿನೊಳಗೇ ಕಿವಿಯಿಟ್ಟು ಕೂರುವ ಜನ. ಈ ಇಬ್ಬರ ಜಗಳದ ಮೂಲ ಅರ್ಧ ಇಲ್ಲೇ ಇದೆ ಅಂತ ನನ್ನ ಅಂದಾಜು. ಒಬ್ಬನಿಗೆ ಕೇಳುವುದು ಇನ್ನೊಬ್ಬನಿಗೆ ಕೇಳಲ್ಲ, ಇಬ್ಬರೂ ಎದುರಿನವನಿಗೆ ಬುದ್ಧಿ ಇಲ್ಲ ಅಂದುಕೊಳ್ಳುತ್ತಾರೆ.

ಎಲ್ಲರೂ ಮುಂಬಾಗಿಲಲ್ಲೇ

ನಮ್ಮ ಸಿಟಿ ಬಸ್ಸಿನಲ್ಲಿ ಹಿಂದೆ ಜಾಗ ಇದ್ದರೂ ಎಲ್ಲರೂ ಬಾಗಿಲ ಹತ್ತಿರವೇ ಒತ್ತಿ ನಿಲ್ಲುತ್ತಾರೆ, ಕಂಡಕ್ಟರ್ "ಒಳಗೆ ಹೋಗ್ರೀ, ಒಳಗೆ ಜಾಗ ಐತೆ" ಅಂತ ಕೂಗಿ ಕೂಗಿ ಸಾಯುತ್ತಾನೆ. ಸಿಬಿಯ 19ನೇ ಚಾನೆಲ್ ಅದೇ ಬಾಗಿಲು. 1973ರ ತೈಲ ಬಿಕ್ಕಟ್ಟು ಬಂತು, ಮುಂದಿನ ವರ್ಷ ಅಮೆರಿಕ ಪೂರ್ತಿ ಗಂಟೆಗೆ 55 ಮೈಲಿ ಮಿತಿ ಹಾಕಿತು. ಲಾರಿಯವರಿಗೆ ಪೊಲೀಸ್ ಎಲ್ಲಿದ್ದಾನೆ, ಡೀಸೆಲ್ ಎಲ್ಲಿ ಸಿಗುತ್ತೆ ಅಂತ ಗೊತ್ತಾಗಬೇಕಿತ್ತು. ಎಲ್ಲರೂ ಒಂದೇ ಕಡೆ ಇದ್ದರೆ ತಾನೇ ಸುದ್ದಿ ಹಬ್ಬೋದು? (ನಮ್ಮ ಹೈವೇಗಳಲ್ಲಿ ಲಾರಿಯವರು ಎದುರಿಗೆ ಬರುವವರಿಗೆ ಡಿಪ್ಪರ್ ಹೊಡೆದು ಮುಂದೆ ಚೆಕಿಂಗ್ ಇದೆ ಅಂತ ಹೇಳುತ್ತಿದ್ದರು. ರೇಡಿಯೋ ಖರ್ಚಿಲ್ಲ, ಲೈಸೆನ್ಸ್ ಬೇಕಿಲ್ಲ, ಒಂದೇ ಚಾನೆಲ್.) ಆಮೇಲೆ ಲಾರಿ ಇಲ್ಲದವರೂ ಸೇರಿಕೊಂಡರು. ಅಧ್ಯಕ್ಷ ಫೋರ್ಡ್ ಅವರ ಹೆಂಡತಿ ಬೆಟ್ಟಿ ಫೋರ್ಡ್ ಕೂಡ "ಫಸ್ಟ್ ಮಾಮಾ" ಅನ್ನುವ ಅಡ್ಡಹೆಸರಿನಲ್ಲಿ ಸಿಬಿಯಲ್ಲಿ ಮಾತಾಡುತ್ತಿದ್ದರು. 20 ಡಾಲರ್ ಇದ್ದ ಲೈಸೆನ್ಸ್ ಫೀಸು 1975ರಲ್ಲಿ 4 ಡಾಲರಿಗೆ ಇಳಿಯಿತು, ಅರ್ಜಿಗಳು ರಾಶಿ ಬಿದ್ದವು, ಕೊನೆಗೆ 1983ರಲ್ಲಿ ಲೈಸೆನ್ಸನ್ನೇ ಕೈಬಿಟ್ಟರು. ಅರ್ಜಿ ಹಾಕಲು ಕೂಡ ಪುರುಸೊತ್ತಿಲ್ಲದವರು ಅಷ್ಟೊತ್ತಿಗೆ ಎಷ್ಟೋ ಜನ ಒಳಗೆ ಬಂದಾಗಿತ್ತು.

ಈ ನೂಕುನುಗ್ಗಲಿನಲ್ಲಿ ಸೈಡ್‌ಬ್ಯಾಂಡಿನವರು ಏನು ಮಾಡಿದರು ಅನ್ನುವುದೇ ನನಗೆ ಕುತೂಹಲದ ಭಾಗ. 23 ಚಾನೆಲ್ಲಿನ ಕಾಲದಲ್ಲಿ ಅವರು 16ನೇ ಚಾನೆಲ್ಲಿಗೆ ಸೇರಿಕೊಂಡರು. 40 ಆದ ಮೇಲೆ 36ರಿಂದ 40ರವರೆಗಿನ ಮೂಲೆ ಹಿಡಿದರು, 38ರ ಕೆಳಗಿನ ಸೈಡ್‌ಬ್ಯಾಂಡ್ ಕರೆಯುವ ಜಾಗ ಆಯಿತು. ಅಲ್ಲಿ ಕರೆಯಬೇಕು, ಜೊತೆ ಸಿಕ್ಕ ಕೂಡಲೇ 36ಕ್ಕೋ 37ಕ್ಕೋ ಸರಿದು ಹರಟೆ ಹೊಡೆಯಬೇಕು, ಕರೆಯುವ ಜಾಗ ಬೇರೆಯವರಿಗೆ ಬಿಡಬೇಕು. ಅಡ್ಡಹೆಸರಿನ ಬದಲು ಕ್ಲಬ್ ಕೊಟ್ಟ ನಂಬರ್ ಹೇಳಬೇಕು. ಲಾರಿಯವರ ಟೆನ್-ಫೋರ್ (ಸರಿ, ಕೇಳಿಸಿತು) ಬೇಡ, ಹ್ಯಾಮ್‌ಗಳ ಕ್ಯೂ ಕೋಡ್ (ಕ್ಯೂ ಅಕ್ಷರದಿಂದ ಶುರುವಾಗುವ ಸಂಕೇತಗಳು) ಬಳಸಬೇಕು. ಮಾತು ಮುಗಿದ ಮೇಲೆ ಒಂದೆರಡು ಸೆಕೆಂಡ್ ಸಂದು ಬಿಟ್ಟು ಬಟನ್ ಒತ್ತಬೇಕು, ಯಾರಾದರೂ ನಡುವೆ ಬರುವವರಿದ್ದರೆ ಬರಲಿ ಅಂತ.

ಇದ್ಯಾವುದೂ ಕಾನೂನಲ್ಲ. ಅಮೆರಿಕದ ನಿಯಮದಲ್ಲಿ 9ನೇ ಚಾನೆಲ್ ತುರ್ತಿಗೆ ಅಂತ ಮೀಸಲು, ಮಿಕ್ಕಿದ್ದೆಲ್ಲ ಎಲ್ಲರದ್ದೂ. 38ಕ್ಕೆ ಬಂದು ಎಎಂನಲ್ಲಿ ಹಾಡು ಹಾಕಿದವನನ್ನು "ಇದು ನಮ್ಮ ಜಾಗ" ಅಂತ ಓಡಿಸೋಕೆ ಸೈಡ್‌ಬ್ಯಾಂಡಿನವರಿಗೆ ಹಕ್ಕಿಲ್ಲ. ಆದರೂ ಓಡಿಸುತ್ತಿದ್ದರು. ಬೈದು, ಮೇಲೆ ಮಾತಾಡಿ, ಪವರ್ ಏರಿಸುವ ಲೀನಿಯರ್ ಆಂಪ್ಲಿಫೈಯರ್ ಇದ್ದವರು ಅದನ್ನು ಹಾಕಿ. ಇಲ್ಲಿ ನನಗೆ ಅವರ ಮೇಲಿದ್ದ ಗೌರವ ಸ್ವಲ್ಪ ಇಳಿಯುತ್ತದೆ. ನಂಬರ್ ಇಲ್ಲದವನಿಗೆ ಉತ್ತರ ಕೊಡಲ್ಲ, ಕ್ಯೂ ಕೋಡ್ ಬರದವನು ನಮ್ಮವನಲ್ಲ ಅನ್ನುವುದು ಶಿಸ್ತಲ್ಲ, ಮಡಿ. ಹ್ಯಾಮ್‌ಗಳಲ್ಲಿ ಇದು ಇಲ್ಲವಾ? ಧಾರಾಳವಾಗಿ ಇದೆ. ನೆಟ್ಟಿಗೆ (ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ರೇಡಿಯೋದಲ್ಲಿ ಸೇರುವ ಕೂಟ) ಚೆಕ್‌ಇನ್ ಆಗಲು ಬಂದ ಹೊಸಬನ ಇಂಗ್ಲಿಷ್ ಸರಿಯಿಲ್ಲ ಅಂತ ಮುಖ ಸಿಂಡರಿಸುವವರನ್ನು ದನಿಯಲ್ಲೇ ಗುರುತಿಸಬಹುದು.

ಆದರೆ ಆ ಮಡಿ ಇಲ್ಲದಿದ್ದರೆ ಸಿಬಿಯಲ್ಲಿ ಸೈಡ್‌ಬ್ಯಾಂಡ್ ಉಳಿಯುತ್ತಿತ್ತಾ? ನನಗೆ ಅನುಮಾನ. ಮೇಲೆ ಹೇಳಿದೆನಲ್ಲ, ಎಎಂ ಮತ್ತು ಸೈಡ್‌ಬ್ಯಾಂಡ್ ಒಟ್ಟಿಗೆ ಬಾಳೋಕೆ ಆಗಲ್ಲ. ಫಿಲ್ಟರು ಎಷ್ಟೇ ಒಳ್ಳೆಯದಿರಲಿ, ನಡುವೆ ನಿಂತ ಕ್ಯಾರಿಯರ್ ಸಿಳ್ಳೆ ಹೊಡೆದೇ ಹೊಡೆಯುತ್ತದೆ. ಅಂದಮೇಲೆ ಸೈಡ್‌ಬ್ಯಾಂಡ್ ಉಳಿಸಿಕೊಟ್ಟ ಜಾಗವನ್ನು ನಿಜವಾಗಿ ಜಾಗ ಮಾಡಿದ್ದು ಸರ್ಕ್ಯೂಟ್ ಅಲ್ಲ, ನಾವು ಈ ಐದು ಚಾನೆಲ್ಲಿನಲ್ಲಿ ಹೀಗಿರೋಣ ಅಂದುಕೊಂಡ ಒಂದಷ್ಟು ಜನ. ಆ ಹಳೇ ಜಾಹೀರಾತು ಈ ಒಪ್ಪಂದದ ಬೆಲೆಯನ್ನು ಮಾತ್ರ ಸೇರಿಸಿರಲಿಲ್ಲ.

ಬ್ಯಾಂಡ್ ತೆರೆದ ದಿನ

2024ರಲ್ಲಿ ಸೂರ್ಯ ಜೋರಾಗಿದ್ದ. ಸೂರ್ಯನ ಕಲೆಗಳ ಹನ್ನೊಂದು ವರ್ಷದ ಚಕ್ರದ ತುದಿ, ಅಂಥ ಹೊತ್ತಲ್ಲಿ ಸ್ಕಿಪ್ ಜೋರು. ಅಕ್ಟೋಬರಿನ ಒಂದು ಸಂಜೆ ಕುವೆಂಪುನಗರದ ನಮ್ಮ ಮನೆಯಲ್ಲಿ ರಿಗ್ (ಹ್ಯಾಮ್ ಸೆಟ್ಟು) ಹಾಕಿ 28 ಮೆಗಾಹರ್ಟ್ಸ್‌ನಿಂದ ಕೆಳಗೆ 27ಕ್ಕೆ ಇಳಿಸಿದೆ, ಸುಮ್ನೆ ಕೇಳೋಕೆ. ತಾರಸಿ ಮೇಲಿದ್ದದ್ದು ಒಂದು ಸಾದಾ ತಂತಿ ಡೈಪೋಲ್.

ಎಎಂನಲ್ಲಿ ಇಟ್ಟರೆ ಕೇಳಲಾಗದ ಗದ್ದಲ. ಹತ್ತಾರು ಕ್ಯಾರಿಯರ್‌ಗಳು ಒಂದರ ಮೇಲೊಂದು ಉಜ್ಜಿ ಹುಟ್ಟುವ ಗುಂಯ್‌ ಸದ್ದು, ನಡುವೆ ಅರ್ಧ ಪದ, ಯಾವುದೋ ಭಾಷೆಯಲ್ಲಿ ನಗು. ಸೈಡ್‌ಬ್ಯಾಂಡಿಗೆ ಹಾಕಿದರೆ ಅದೇ ಗದ್ದಲ ಬೇರೆ ಬೇರೆ ಎತ್ತರದ ಸಿಳ್ಳೆಗಳಾಗಿ ಒಡೆಯಿತು. ಬಟನ್ ಒತ್ತಿದವರು ಎಷ್ಟು ಜನ ಅಂತ ಸಿಳ್ಳೆ ಎಣಿಸಿಯೇ ಹೇಳಬಹುದಿತ್ತು. 4 ವ್ಯಾಟಿನ ಸೆಟ್ಟು ಸಾಮಾನ್ಯ ದಿನ ಕೆಲವು ಕಿಲೋಮೀಟರ್ ಹೋದರೆ ಹೆಚ್ಚು. ಇಂಥ ದಿನ ಖಂಡ ದಾಟುತ್ತದೆ. ಅಂದರೆ ಬ್ಯಾಂಡ್ ಚೆನ್ನಾಗಿರುವ ದಿನವೇ ಅತೀ ಕೆಟ್ಟ ದಿನ. ಊರಿನ ಹತ್ತು ಜನ ಹಂಚಿಕೊಳ್ಳುತ್ತಿದ್ದ ಚಾನೆಲ್ಲಿಗೆ ಅರ್ಧ ಪ್ರಪಂಚ ಬಂದು ಕೂರುತ್ತದೆ. ಸ್ಕಿಪ್ ಹಿಡಿದು ದೂರದವರ ಜೊತೆ ಮಾತಾಡಬಾರದು, 250 ಕಿಲೋಮೀಟರ್ ಮಿತಿ ಅಂತ ಅಮೆರಿಕದಲ್ಲಿ ನಿಯಮ ಇತ್ತು. ಸೂರ್ಯನಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. 2017ರಲ್ಲಿ ಆ ನಿಯಮ ತೆಗೆದುಹಾಕಿದರು.

40 ಚಾನೆಲ್ಲು 27.405ಕ್ಕೆ ಮುಗಿಯುತ್ತವೆ. ಅಲ್ಲಿಂದ ಮೇಲೆ ಹೋದರೆ ಸದ್ದು ಇಳಿಯಬೇಕು. ಇಳಿಯಿತು ಕೂಡ. ಆದರೆ 27.555ರಲ್ಲಿ, ಮೇಲಿನ ಸೈಡ್‌ಬ್ಯಾಂಡಿನಲ್ಲಿ, ಇನ್ನೊಂದು ಗುಂಪು. ಯಾವ ಚಾನೆಲ್ಲೂ ಇಲ್ಲದ, ಯಾರೂ ಇವರಿಗೆ ಕೊಡದ ಜಾಗ. ಅಲ್ಲೂ ಅದೇ ಪದ್ಧತಿ, ಕರೆಯುವುದು ಇಲ್ಲಿ, ಮಾತಾಡುವುದು ಪಕ್ಕಕ್ಕೆ ಹೋಗಿ. ಕಾಲ್‌ಸೈನ್ ಶುರುವಾಗುವುದು ದೇಶದ ನಂಬರಿನಿಂದ. 1 ಅಂದರೆ ಇಟಲಿ, 13 ಜರ್ಮನಿ, 14 ಫ್ರಾನ್ಸ್. ಕಾನೂನು ಮುರಿದು ಕೂತವರು ತಮ್ಮೊಳಗೆ ಕಾನೂನು ಮಾಡಿಕೊಂಡಿರುವುದು ನೋಡಿ ನಗು ಬಂತು.

ಒಬ್ಬನ ದನಿ ತೆಳ್ಳಗೆ ಕೀಚಲಾಗಿ ಬರುತ್ತಿತ್ತು. ಏನು ಹೇಳುತ್ತಿದ್ದಾನೆ ಗೊತ್ತಾಗದು. ಗುಬ್ಬಿಯನ್ನು 10 ಹರ್ಟ್ಸ್ ಹೆಜ್ಜೆಗೆ ಹಾಕಿ ನಿಧಾನ ಮೇಲೆ ತಂದೆ. ಕೀಚಲು ಇಳಿದು ಮೂಗಿನ ದನಿ, ಇನ್ನೂ ಏರಿಸಿದರೆ ಸ್ವಲ್ಪ ವಯಸ್ಸಾದ ಗಂಡಸಿನ ದನಿ, ಇನ್ನೊಂದಿಷ್ಟು ಜಾಸ್ತಿ ಆದರೆ ಗೊಗ್ಗರು. ಹಿಂದಕ್ಕೆ ಬಂದು ನಿಲ್ಲಿಸಿದೆ. 13 ಅಂದ. ಜರ್ಮನಿಯವನು. ಅವನ ಹಿಂದೆ ನಾಯಿಯೊಂದು ಬೊಗಳಿತು, ಅವನು ಮಾತು ನಿಲ್ಲಿಸಿ ಅದಕ್ಕೆ ಏನೋ ಗದರಿ ಮತ್ತೆ ಶುರು ಮಾಡಿದ. ಆ ಸಣ್ಣ ಸಂದಿನಲ್ಲಿ ಮೀಟರ್ ಸೊನ್ನೆಗೆ ಬಿದ್ದಿತ್ತು. ಅಲ್ಲೇ ಇನ್ಯಾರೋ ನುಗ್ಗಿದರು. ಎರಡು ದನಿ ಒಂದರ ಮೇಲೊಂದು ಬಿದ್ದು ಎರಡೂ ಹೋದವು.

ನಮ್ಮ ಪಾಲಿನ 27

ಇಲ್ಲಿ ಸಿಬಿ ಸೆಟ್ ತಗೋಬಹುದಾ ಅಂತ ಆಗಾಗ ಕೇಳುತ್ತಾರೆ. ಕೇಂದ್ರ ಸರ್ಕಾರ 2005ರಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಬೇಡ ಅಂತ ನಿಯಮ ಮಾಡಿತು. 5 ವ್ಯಾಟ್ ಮಿತಿ, ಆಂಟೆನಾ ಸೆಟ್ಟಿನಲ್ಲೇ ಸೇರಿರಬೇಕು. ಅಮೆರಿಕದ ಚಾನೆಲ್ ಪಟ್ಟಿ ಪಕ್ಕಕ್ಕಿಟ್ಟು ನೋಡಿ. 27ನೇ ಚಾನೆಲ್ 27.275ರಲ್ಲಿದೆ, 28ನೆಯದು 27.285. ಅಂದರೆ ನಮಗೆ ಮೊದಲ 27 ಚಾನೆಲ್. 36ರಿಂದ 40ರ ಸೈಡ್‌ಬ್ಯಾಂಡ್ ಮೂಲೆ ಪೂರ್ತಿ ಬೇಲಿಯ ಆಚೆ, 38 ಅಂತೂ ಇಲ್ಲವೇ ಇಲ್ಲ. 23 ಚಾನೆಲ್ಲಿನ ಕಾಲದವರು ಬಿಟ್ಟುಹೋದ 16ನೆಯದು ಮಾತ್ರ ಒಳಗಿದೆ, 27.155. ಇನ್ನು ಆಂಟೆನಾ. 27 ಮೆಗಾಹರ್ಟ್ಸ್‌ಗೆ ಕಾಲು ಅಲೆ ಅಂದರೂ ಎರಡೂ ಮುಕ್ಕಾಲು ಮೀಟರ್. ಕೈಯಲ್ಲಿ ಹಿಡಿಯುವ ಸೆಟ್ಟಿನ ಗೇಣುದ್ದದ ರಬ್ಬರ್ ಕಡ್ಡಿಯಿಂದ ಚಾಮುಂಡಿ ಬೆಟ್ಟದ ಮೇಲಿಂದ ಕೆಳಗೆ ಮಾತಾಡಬಹುದೇನೋ, ಮಂಡ್ಯ ಮರೆತುಬಿಡಿ.

ಆ 26.957, 27.283 ಅನ್ನುವ ವಿಚಿತ್ರ ಅಂಕಿಗಳು ಎಲ್ಲಿಂದ ಬಂದವು ಗೊತ್ತಾ? ಅದು ಕೈಗಾರಿಕೆ ಮತ್ತು ವೈದ್ಯಕೀಯ ಯಂತ್ರಗಳಿಗೆ ಪ್ರಪಂಚಾದ್ಯಂತ ಬಿಟ್ಟಿರುವ ಪಟ್ಟಿ, ನಟ್ಟನಡುವೆ 27.120. ಸೊಂಟನೋವಿಗೆ ಫಿಸಿಯೋಥೆರಪಿಯಲ್ಲಿ ಶಾಖ ಕೊಡುವ ಶಾರ್ಟ್‌ವೇವ್ ಡಯಾಥರ್ಮಿ, ರೆಕ್ಸಿನ್ ಪ್ಲಾಸ್ಟಿಕ್ ಬೆಸೆಯುವ ಯಂತ್ರ, ಇವೆಲ್ಲ ಅಲ್ಲೇ ಕೆಲಸ ಮಾಡುವುದು, 13 ಮತ್ತು 14ನೇ ಚಾನೆಲ್ಲಿನ ಸಂದಿನಲ್ಲಿ. ದಸರಾ ಎಕ್ಸಿಬಿಷನ್ನಿನಲ್ಲಿ ಮಕ್ಕಳಿಗೆ ಕೊಡಿಸುವ ರಿಮೋಟ್ ಕಾರುಗಳಲ್ಲೂ 27ರವು ಬೇಕಾದಷ್ಟಿವೆ. ಎಂಬತ್ತರ ದಶಕದವರೆಗೆ ಹಾಡು ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ದೇಶದಲ್ಲಿ ಇಷ್ಟು ಕೊಟ್ಟಿದ್ದೇ ದೊಡ್ಡದು ಅನ್ನಿ. (1935ರಲ್ಲಿ ಇದೇ ಊರಿನ ಒಂಟಿಕೊಪ್ಪಲಿನ ಮನೆಯಿಂದ ಪ್ರೊಫೆಸರ್ ಗೋಪಾಲಸ್ವಾಮಿ ರೇಡಿಯೋ ಸ್ಟೇಷನ್ನೇ ನಡೆಸಿದ್ದರು ಅನ್ನುವುದು ಬೇರೆ ಮಾತು.) ಮೊಬೈಲ್ ಬಂದ ಮೇಲೆ ಕೊಟ್ಟರು, ಯಾರೂ ತಗೊಳ್ಳಲಿಲ್ಲ. ನಮ್ಮ 27 ಚಾನೆಲ್ಲಿನಲ್ಲಿ ನೂಕುನುಗ್ಗಲು ಅಂತ ಇದ್ದರೆ ಅದು ಯಂತ್ರ, ಆಟಿಕೆ ಮತ್ತು ಯುರೋಪಿನವರದ್ದು.

ಅದಕ್ಕೇ ಕೇಳಿದವರಿಗೆ ಎಎಸ್‌ಒಸಿ (ಹ್ಯಾಮ್ ಲೈಸೆನ್ಸಿನ) ಪರೀಕ್ಷೆ ಬರೀರಿ, ಹ್ಯಾಮ್ ಆಗಿ ಅನ್ನುತ್ತೇನೆ. ಜಾಗದ ಮಾತೇ ಆದರೆ ಹ್ಯಾಮ್‌ಗಳ ಹತ್ತು ಮೀಟರ್ ಬ್ಯಾಂಡ್ 28.0ರಿಂದ 29.7 ಮೆಗಾಹರ್ಟ್ಸ್‌ವರೆಗೆ. ಸಿಬಿಯ 40 ಚಾನೆಲ್ ಒಟ್ಟು 440 ಕಿಲೋಹರ್ಟ್ಸ್ ಆದರೆ ಇದು 1700. ಹಾಗಂತ ಹ್ಯಾಮ್‌ಗಳು ಅಲ್ಲಿ ಹರಡಿಕೊಂಡು ಕೂತಿದ್ದಾರೆ ಅಂದುಕೊಳ್ಳಬೇಡಿ. ಆ ಸಂಜೆ 27 ಕೇಳಿ ಸಾಕಾಗಿ ಮೇಲೆ ಬಂದೆ. 28.4ರಿಂದ 28.6ರವರೆಗೆ ಒಬ್ಬರ ಮೇಲೊಬ್ಬರು. 28.9ರಲ್ಲಿ ಒಂದು ನರಪಿಳ್ಳೆ ಇಲ್ಲ. ಅಲ್ಲಿ ಖಾಲಿ ಇದೆಯಾ ಅಂತ ಎರಡು ಸಲ ಕೇಳಿ, ಕಾದು, ಸಿಕ್ಯೂ ಕರೆದೆ. ಚೆನ್ನಾಗಿ ಸಮಯ ಕೊಟ್ಟು ಕರೆದೆ. ಯಾರೂ ಬರಲಿಲ್ಲ. ಕೇಳುವವರೇ ಇಲ್ಲದ ಕಡೆ ಎಷ್ಟು ಜಾಗ ಇದ್ದು ಏನು? ವಾಪಸ್ ಕೆಳಗೆ ಬಂದು 28.5ರ ಹತ್ತಿರ ಎರಡು ಮಾತುಕತೆಗಳ ನಡುವೆ 3 ಕಿಲೋಹರ್ಟ್ಸ್ ಸಂದು ಹುಡುಕಿದೆ, ಮತ್ತೆ ಕೇಳಿ ಕರೆದೆ, ಮೊದಲ ಕರೆಗೇ ಗ್ರೀಸಿನವನೊಬ್ಬ ಬಂದ. ಪಕ್ಕದ ಇಟಲಿಯವನ ಮಾತು ಆಗಾಗ ಒಳಗೆ ನುಗ್ಗುತ್ತಿತ್ತು. ಹವಾಮಾನ, ಆಂಟೆನಾ, ಹೆಸರು, ಊರು ಅಂತ ಮಾಮೂಲಿ ಮಾತಾಡಿದೆವು. ಮೈಸೂರು ಅಂದಾಗ ಅವನಿಗೆ ಅಕ್ಷರ ಬಿಡಿಸಿ ಹೇಳಬೇಕಾಯಿತು, ಇಟಲಿಯವನ ಗದ್ದಲದಲ್ಲಿ ಎರಡು ಸಲ.